ಬೆಂಗಳೂರಲ್ಲಿ ನಿಮ್ಮ ಬೀದಿ ಮುಳುಗದಂಗೆ ಮಾಡೋಕೆ ನೀವು ಮಾಡಬಹುದಾದ ಕೆಲಸಗಳು, ಮಳೆಗಾಲಕ್ಕೆ ಮುಂಚೆನೇ

ಮಳೆ ಜಾಸ್ತಿ ಬಂತು ಅದಕ್ಕೇ ಮುಳುಗ್ತು ಅನ್ನೋದು ಅರ್ಧ ಸತ್ಯ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಊರೊಳಗೆ ದೊಡ್ಡ ನದಿ ಯಾವ್ದೂ ಇಲ್ಲ, ಬಿದ್ದ ನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಈ ಮೂರು ಕಣಿವೆ ಹಿಡಿದು ಇಳಿದು ಹೋಗ್ಬೇಕು ಅಷ್ಟೇ. ಇಂಥಾ ಎತ್ತರದ ಊರಲ್ಲಿ 2022ರ ಸೆಪ್ಟೆಂಬರಲ್ಲಿ ಔಟರ್ ರಿಂಗ್ ರೋಡ್ ಮೇಲೆ ಐಟಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರು, 2024ರ ಅಕ್ಟೋಬರಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಂದ ಜನರನ್ನ ಬೋಟಲ್ಲಿ ಕರ್ಕೊಂಡು ಬಂದ್ರು. ಕಾರಣ ಏನಂದ್ರೆ ಎಲ್ಲರ ಟೆರೇಸಿನ ನೀರು, ಎಲ್ಲರ ಕಾಂಪೌಂಡಿನ ನೀರು, ಎಲ್ಲಾ ರೋಡಿನ ನೀರು ಒಂದೇ ಟೈಮಿಗೆ ಕೆಳಗೆ ಬರುತ್ತೆ. ಮುಂಚೆ ಮಣ್ಣು ಸ್ವಲ್ಪ ಕುಡೀತಿತ್ತು, ಕೆರೆ ಸ್ವಲ್ಪ ಹಿಡ್ಕೊಳ್ತಿತ್ತು, ಉಳಿದಿದ್ದು ನಿಧಾನಕ್ಕೆ ರಾಜಕಾಲುವೆಗೆ ಹೋಗ್ತಿತ್ತು, ಈಗ ಕಾಂಕ್ರೀಟ್ ಮೇಲೆ ಬಿದ್ದಿದ್ದು ಹತ್ತು ನಿಮಿಷದಲ್ಲಿ ಡ್ರೈನಲ್ಲಿ ಇರುತ್ತೆ.

ಇದರ ಮೇಲೆ ಹವಾಮಾನ ಬೇರೆ. ಗಾಳಿ ಒಂದು ಡಿಗ್ರಿ ಬಿಸಿ ಆದ್ರೆ ಸುಮಾರು 7% ಜಾಸ್ತಿ ನೀರಾವಿ ಹಿಡ್ಕೊಳ್ಳುತ್ತೆ, ಸುರಿಯೋವಾಗ ಒಟ್ಟಿಗೇ ಸುರಿಯುತ್ತೆ. 2024ರ ಮಾರ್ಚ್-ಏಪ್ರಿಲಲ್ಲಿ ಬೋರ್‌ವೆಲ್ ಒಣಗಿ ಟ್ಯಾಂಕರ್‌ಗೆ ಕ್ಯೂ ನಿಂತಿದ್ದ ಊರಲ್ಲೇ ಜೂನ್ 2ಕ್ಕೆ ಒಂದೇ ದಿನ 111 ಮಿ.ಮೀ. ಮಳೆ ಬಿತ್ತು, ಜೂನ್ ತಿಂಗಳ ಮಟ್ಟಿಗೆ 1891ರ ರೆಕಾರ್ಡು ಮುರೀತು. ನಮ್ಮ ಡ್ರೈನುಗಳು ಇಂಥಾ ಮಳೆಗೆ ಅಂತ ಕಟ್ಟಿದ್ದಲ್ಲ, ನಾಳೆನೇ ಅಗಲ ಮಾಡ್ತಾರೆ ಅಂತ ಕಾಯ್ಕೊಂಡು ಕೂರೋಕೂ ಆಗಲ್ಲ. ಆದ್ರಿಂದ ನಮ್ಮ ಕೈಲಿರೋ ಕೆಲಸ ಒಂದೇ, ನಮ್ಮ ಸೈಟಿನ ಮೇಲೆ ಬಿದ್ದ ನೀರನ್ನ ಒಂದೆರಡು ಗಂಟೆನಾದ್ರೂ ತಡೆದು ಆಮೇಲೆ ಬಿಡೋದು.

ಮೊದ್ಲು ನಿಮ್ಮ ಬೀದಿ ನೀರು ಹರಿಯೋ ದಾರಿಲಿ ಮೇಲಿದೆಯಾ ಕೆಳಗಿದೆಯಾ ನೋಡ್ಕೊಳ್ಳಿ. ಇದು ಗೊತ್ತಿಲ್ದೆ ದುಡ್ಡು ಹಾಕಿದ್ರೆ ವೇಸ್ಟು. ರೆವಿನ್ಯೂ ಇಲಾಖೆಯ ದಿಶಾಂಕ್ ಆಪ್ ಹಾಕ್ಕೊಳ್ಳಿ, ನಿಮ್ಮ ಮನೆ ಜಾಗದಲ್ಲಿ ನಿಂತು ಓಪನ್ ಮಾಡಿದ್ರೆ ಸರ್ವೆ ನಂಬರ್ ಜೊತೆ ಹಳೇ ಗ್ರಾಮ ನಕ್ಷೆಯ ಕೆರೆ, ಹಳ್ಳ, ಕಾಲುವೆ ಎಲ್ಲಾ ಕಾಣುತ್ತೆ, ನಿಮ್ಮ ಪಾರ್ಕಿಂಗ್ ಕೆಳಗೇ ಒಂದು ಕಾಲುವೆ ಗೆರೆ ಹೋಗಿದ್ರೆ ಶಾಕ್ ಆಗ್ಬೇಡಿ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡೇ ಧರ್ಮಾಂಬುಧಿ ಕೆರೆ ಜಾಗ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ ಜಾಗ. ಆಮೇಲೆ ಒಂದು ಜೋರು ಮಳೆ ದಿನ ಛತ್ರಿ ಹಿಡ್ಕೊಂಡು ಹೊರಗೆ ಬನ್ನಿ, ನೀರು ಎಲ್ಲಿಂದ ಬಂತು, ಯಾವ ಕ್ರಾಸಲ್ಲಿ ತಿರುಗ್ತು, ಎಲ್ಲಿ ನಿಂತ್ಕೊಳ್ತು ಅಂತ ಫೋನಲ್ಲಿ ವಿಡಿಯೋ ಮಾಡಿ, ಟೈಮ್ ಕಾಣೋ ಹಂಗೆ. ಈ ವಿಡಿಯೋ ಮುಂದೆ ಕಂಪ್ಲೇಂಟ್ ಕೊಡೋವಾಗ ಇಂಜಿನಿಯರ್ ಹತ್ರ ಹತ್ತು ಅರ್ಜಿಗಿಂತ ಜಾಸ್ತಿ ಕೆಲಸ ಮಾಡುತ್ತೆ.

ಮೇಲಿನವರು ನೀರು ಹಿಡಿಬೇಕು, ಕೆಳಗಿನವರು ನೀರು ಒಳಗೆ ಬರದಂಗೆ ತಡೀಬೇಕು. ಬೇಜಾರು ಏನಂದ್ರೆ ಮನೆಗೆ ನೀರು ನುಗ್ಗೋದು ಕೆಳಗಿನವರಿಗೆ, ಅದಕ್ಕೆ ಮೇಲಿನವರು ತಲೆನೇ ಕೆಡಿಸ್ಕೊಳ್ಳಲ್ಲ.

ಈಗ ಸಣ್ಣ ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ರೆ ಒಂದು ಲೀಟರ್. 30x40 ಸೈಟಲ್ಲಿ ಟೆರೇಸು 1000 ಚದರಡಿ ಅಂದ್ಕೊಳ್ಳಿ, ಅಂದ್ರೆ 93 ಚದರ ಮೀಟರ್, 50 ಮಿ.ಮೀ. ಮಳೆಗೆ 4,650 ಲೀಟರ್. ಅಂದ್ರೆ ಹತ್ತಿರ ಹತ್ತಿರ ಒಂದು ಸಣ್ಣ ಟ್ಯಾಂಕರ್ ನೀರು, ಒಂದು ಮನೆಯಿಂದ. ನಿಮ್ಮ ಕ್ರಾಸಲ್ಲಿ ನಲವತ್ತು ಮನೆ ಇದ್ರೆ ನೀವೇ ಗುಣಿಸ್ಕೊಳ್ಳಿ.

ಅದು ಎಲ್ಲಿಗೆ ಹೋಗ್ತಿದೆ ಅಂತ ತುಂಬಾ ಜನಕ್ಕೆ ಗೊತ್ತೇ ಇರಲ್ಲ. ಒಂದು ಬಕೆಟ್ ನೀರಿಗೆ ಎರಡು ಸ್ಪೂನ್ ಅರಿಶಿನ ಕಲಸಿ ಟೆರೇಸಿನ ಪೈಪಿಗೆ ಸುರೀರಿ, ಕೆಳಗೆ ಒಬ್ರು ಸ್ಯಾನಿಟರಿ ಚೇಂಬರ್ ಮುಚ್ಚಳ ತೆಗ್ದು ನೋಡ್ತಿರ್ಲಿ. ಹಳದಿ ನೀರು ಅಲ್ಲಿ ಕಾಣಿಸ್ತು ಅಂದ್ರೆ ನಿಮ್ಮ ಮಳೆನೀರು ಒಳಚರಂಡಿಗೆ ಹೋಗ್ತಿದೆ. ಮನೆ ಕಟ್ಟೋವಾಗ ಪ್ಲಂಬರು ಶಾರ್ಟ್‌ಕಟ್ ಹೊಡೆದಿರ್ತಾನೆ, ಹತ್ರದ ಚೇಂಬರ್‌ಗೆ ಕೊಟ್ಟು ಕೈ ತೊಳ್ಕೊಂಡಿರ್ತಾನೆ. ಒಳಚರಂಡಿ ಪೈಪು ಟಾಯ್ಲೆಟ್, ಅಡುಗೆಮನೆ ನೀರಿನ ಲೆಕ್ಕಕ್ಕೆ ಹಾಕಿರೋದು, ಮಳೆನೀರು ಸೇರಿದ ಕೂಡ್ಲೇ ತಗ್ಗಲ್ಲಿರೋ ಮ್ಯಾನ್‌ಹೋಲ್ ಮುಚ್ಚಳ ಎದ್ದು ಬರುತ್ತೆ, ಕೆಳಗಿನ ಬೀದಿಯ ಗ್ರೌಂಡ್ ಫ್ಲೋರ್ ಬಾತ್ರೂಮಿಂದ ಕೊಳಚೆ ಉಕ್ಕುತ್ತೆ. ಜಲಮಂಡಳಿ ರೂಲ್ಸ್ ಪ್ರಕಾರನೂ ಇದು ತಪ್ಪು. ಈ ಕನೆಕ್ಷನ್ ಕಿತ್ತು ಬೇರೆ ಮಾಡೋದಕ್ಕೆ ಒಬ್ಬ ಪ್ಲಂಬರ್‌ನ ಒಂದು ದಿನದ ಕೆಲಸ, ಇಡೀ ಲಿಸ್ಟಲ್ಲಿ ಕಮ್ಮಿ ಖರ್ಚಿಗೆ ಜಾಸ್ತಿ ಲಾಭ ಇರೋದು ಇದೇ ಅಂತ ನನ್ನ ಲೆಕ್ಕ.

ಬೇರೆ ಮಾಡಿದ ಪೈಪನ್ನ ಫಿಲ್ಟರ್ ಮೂಲಕ ಸಂಪಿಗೆ ಕೊಡಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗೋಕೆ ಒಂದು ವಾಲ್ವ್ ಇರ್ಲಿ, ಇದೆಲ್ಲಾ ರೈನ್‌ವಾಟರ್ ಹಾರ್ವೆಸ್ಟಿಂಗ್ ಅಂತ ಎಲ್ಲರಿಗೂ ಗೊತ್ತು, 2009ರಿಂದ ಜಲಮಂಡಳಿ ಕಡ್ಡಾಯ ಮಾಡಿದೆ, ತುಂಬಾ ಮನೇಲಿ ಪೈಪೂ ಇದೆ. ಆದ್ರೆ ಸಂಪು ಯಾವಾಗ್ಲೂ ಕಾವೇರಿ ನೀರಿಂದ ಫುಲ್ ಇರುತ್ತೆ, ಹಂಗಾಗಿ ಮಳೆನೀರಿಗೆ ಅಲ್ಲಿ ಜಾಗನೇ ಇರಲ್ಲ, ಓವರ್‌ಫ್ಲೋ ಆಗಿ ಸೀದಾ ರೋಡಿಗೆ. ಮೇ ಇಂದ ಅಕ್ಟೋಬರ್ ತನಕ ಸಂಪು ಅರ್ಧಕ್ಕಿಂತ ಮೇಲೆ ತುಂಬಿಸ್ಬೇಡಿ, ಫ್ಲೋಟ್ ವಾಲ್ವಿನ ಫ್ಲೋಟನ್ನ ಸ್ವಲ್ಪ ಕೆಳಗೆ ಇಳಿಸಿದ್ರೆ ಆಯ್ತು. ಕಾವೇರಿ ನೀರು ಎರಡು ದಿನಕ್ಕೊಮ್ಮೆ ಬರೋ ಏರಿಯಾದವರಿಗೆ ಇದು ಕಷ್ಟ ಅಂತ ಗೊತ್ತು, ಅವರು ಎರಡು ಡ್ರಮ್ ಜಾಸ್ತಿ ಇಟ್ಕೊಂಡು ಓವರ್‌ಫ್ಲೋನ ಬಾವಿಗೆ ತಿರುಗಿಸಿ.

ಬಾವಿ ಅಂದ್ರೆ ರಿಚಾರ್ಜ್ ಬಾವಿ, ಮಳೆನೀರನ್ನ ಮಣ್ಣಿಗೆ ಇಂಗಿಸೋ ಬಾವಿ. ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ ಯಾಕಂದ್ರೆ ಇದರಲ್ಲಿ ಜನ ತುಂಬಾ ಎಡವ್ತಾರೆ. ಸಾಮಾನ್ಯವಾಗಿ 3 ಅಡಿ ಅಗಲ, 20 ಅಡಿ ಆಳ, ಸಿಮೆಂಟ್ ರಿಂಗ್ ಇಳಿಸಿ ಕಟ್ಟೋದು. ಇದರೊಳಗೆ ಸುಮಾರು 4,000 ಲೀಟರ್ ಹಿಡಿಯುತ್ತೆ, ಮೇಲೆ ಲೆಕ್ಕ ಹಾಕಿದ ಟೆರೇಸಿನ ನೀರು ಬಹುತೇಕ ಪೂರ್ತಿ. ತುಂಬಿದ್ದು ಆಮೇಲೆ ನಿಧಾನಕ್ಕೆ ಮಣ್ಣಿಗೆ ಇಂಗುತ್ತೆ, ಬೇಸಿಗೆಲಿ ಪಕ್ಕದ ಬೋರ್‌ವೆಲ್ಲಿಗೂ ಸಿಗುತ್ತೆ. ತೋಡೋಕೆ ಮಣ್ಣು ವಡ್ಡರನ್ನ ಕರೀರಿ, ಬೆಂಗಳೂರು ಸುತ್ತಮುತ್ತ ತಲೆಮಾರುಗಳಿಂದ ಇದೇ ಕಸುಬು ಮಾಡ್ಕೊಂಡು ಬಂದವರು, ಬೆಂಗಳೂರಲ್ಲಿ ಹತ್ತು ಲಕ್ಷ ರಿಚಾರ್ಜ್ ಬಾವಿ ತೋಡಿಸೋ ಮಿಲಿಯನ್ ವೆಲ್ಸ್ ಅಭಿಯಾನ ಶುರುವಾದ ಮೇಲೆ ಇವರನ್ನ ಹುಡುಕೋದೂ ಸುಲಭ ಆಗಿದೆ. ಮೊದಲ ಕೆಲವು ಅಡಿ ಕೆಮ್ಮಣ್ಣು ಬರುತ್ತೆ, ಅಲ್ಲಲ್ಲಿ ಜೇಡಿ ಸಿಗುತ್ತೆ, ಜೇಡಿ ಇರೋ ಕಡೆ ನೀರು ಇಂಗಲ್ಲ, ಅದನ್ನ ದಾಟಿ ಕಲ್ಲು ಪುಡಿ ಥರ ಬಿರುಸಾದ ಮಣ್ಣು ಸಿಗೋ ತನಕ ಹೋಗ್ಬೇಕು, ಅನುಭವ ಇರೋರು ಒಂದು ಹಿಡಿ ಮಣ್ಣು ಕೈಲಿ ಹಿಸುಕಿ ನೋಡಿ ಇನ್ನೂ ಎರಡಡಿ ಹೋಗ್ಬೇಕಾ ಸಾಕಾ ಅಂತ ಹೇಳ್ತಾರೆ, ಅವರ ಮಾತು ಕೇಳಿ, ಗುಂಡಿ 10 ಅಡಿಗೇ ನಿಲ್ಸಿ ದುಡ್ಡು ಉಳಿಸೋಕೆ ಹೋಗ್ಬೇಡಿ.

ತೂತು ಇರೋ ರಿಂಗ್ ಹಾಕಿಸಿ, ರಿಂಗಿನ ಹೊರಗಡೆ ಗ್ಯಾಪಿಗೆ ಜಲ್ಲಿ ತುಂಬಿಸಿ, ಒಳಗಡೆ ಮಾತ್ರ ಖಾಲಿ ಬಿಡಿ. ಕೆಲವು ಕಂಟ್ರ್ಯಾಕ್ಟರ್‌ಗಳು ಒಳಗೂ ಜಲ್ಲಿ, ಮರಳು, ಇದ್ದಿಲು ಅಂತ ತುಂಬಿಸಿ ಬಿಲ್ ಮಾಡ್ತಾರೆ, ಹಂಗೆ ತುಂಬಿಸಿದ್ರೆ ನೀರು ನಿಲ್ಲೋ ಜಾಗ ಅರ್ಧಕ್ಕಿಂತ ಕಮ್ಮಿ ಆಗುತ್ತೆ, ಹೂಳು ಕಟ್ಕೊಂಡ್ರೆ ಕ್ಲೀನ್ ಮಾಡೋಕೂ ಆಗಲ್ಲ. ಬಾವಿಗೆ ಮುಂಚೆ ಎರಡಡಿ ಚೌಕದ ಒಂದು ಸಣ್ಣ ಹೂಳಿನ ತೊಟ್ಟಿ ಇರ್ಲಿ, ಎಲೆ ಮಣ್ಣು ಅಲ್ಲೇ ಕೂತ್ಕೊಳ್ಳುತ್ತೆ, ಮಳೆಗಾಲಕ್ಕೆ ಮುಂಚೆ ಒಂದ್ಸಲ ಎತ್ತಿ ಹಾಕಿ. ಮೇಲೆ ಗಟ್ಟಿ ಸ್ಲ್ಯಾಬ್, ಮಕ್ಕಳು ತೆಗೆಯೋಕೆ ಆಗದಂಥ ಮುಚ್ಚಳ. ಪಾಯದ ಪಕ್ಕ ಬೇಡ, ಸ್ಯಾನಿಟರಿ ಚೇಂಬರ್ ಪಕ್ಕ ಬೇಡವೇ ಬೇಡ. ಮತ್ತೆ ಮನೆ ಕೆರೆ ಕೆಳಗೋ ರಾಜಕಾಲುವೆ ಪಕ್ಕನೋ ಇದ್ರೆ ತೋಡೋಕೆ ಮುಂಚೆ ಯೋಚ್ನೆ ಮಾಡಿ, ಅಂಥಾ ಕಡೆ ಮಳೆಗಾಲದಲ್ಲಿ ಅಂತರ್ಜಲ ಹತ್ತು ಅಡಿಲೇ ಇರುತ್ತೆ, ಬಾವಿ ಆಗ್ಲೇ ತುಂಬಿರುತ್ತೆ, ನಿಮ್ಮ ಟೆರೇಸ್ ನೀರಿಗೆ ಅಲ್ಲಿ ಜಾಗ ಇರಲ್ಲ. ಈ ಬಾವಿ ಇರ್ಬೇಕಾಗಿದ್ದು ಮೇಲಿನ ಲೇಔಟಲ್ಲಿ. ಅದಕ್ಕೇ ನಿಮ್ಮ ಅಸೋಸಿಯೇಷನ್ ದುಡ್ಡಲ್ಲಿ ಮೇಲಿನ ಪಾರ್ಕಲ್ಲಿ ನಾಲ್ಕು ಬಾವಿ ತೋಡಿಸಿದ್ರೆ ಅದು ದಾನಧರ್ಮ ಏನಲ್ಲ, ನಿಮ್ಮ ಬೇಸ್‌ಮೆಂಟಿಗೇ ಲಾಭ.

ಕಾಂಪೌಂಡ್ ಒಳಗೆ ಪೂರ್ತಿ ಕಾಂಕ್ರೀಟ್ ಹಾಕಿರೋರು ಗೇಟ್ ಪಕ್ಕ ಎರಡಡಿ ಪಟ್ಟಿ ಒಡೆದು ಮಣ್ಣು ಬಿಡಿ, ಗಿಡ ಹಾಕಿ. ಇಂಟರ್‌ಲಾಕ್ ಟೈಲ್ಸ್ ಹಾಕ್ಸಿದ್ರೆ ಕೆಳಗೆ ಬರೀ ಜಲ್ಲಿ ಮರಳು ಇರ್ಬೇಕು, ಕೆಳಗೆ ಸಿಮೆಂಟ್ ಬೆಡ್ ಹಾಕಿ ಮೇಲೆ ಟೈಲ್ಸ್ ಜೋಡಿಸಿದ್ರೆ ಅದು ನೋಡೋಕೆ ಚೆಂದ ಅಷ್ಟೇ.

ಈಗ ಬೀದಿಗೆ ಬರೋಣ. ಏಪ್ರಿಲಲ್ಲಿ ಎರಡು ಮೂರು ಜನ ಸೇರಿ ಬೀದಿಯ ಈ ತುದಿಯಿಂದ ಆ ತುದಿ ತನಕ ನಡೀರಿ, ರೋಡಿಂದ ಡ್ರೈನಿಗೆ ನೀರು ಇಳಿಯೋ ತೂತುಗಳನ್ನ ಎಣಿಸಿ. ಅರ್ಧಕ್ಕರ್ಧ ಮುಚ್ಚಿರುತ್ತೆ, ಕೆಲವು ಎಲೆಯಿಂದ, ಕೆಲವು ಕವರಿಂದ, ಇನ್ನು ಕೆಲವು ಟಾರಿಂದ. ಟಾರ್ ವಿಷಯ ದೊಡ್ಡದು, ಹಳೇದನ್ನ ಕೆರೆದು ತೆಗೀದೆ ಅದರ ಮೇಲೇ ಹೊಸಾ ಲೇಯರ್ ಹಾಕ್ತಾ ಹೋದ್ರೆ ಪ್ರತಿ ಸಲನೂ ರೋಡು ಒಂದೂವರೆ ಎರಡು ಇಂಚು ಏರುತ್ತೆ, ಹತ್ತಿಪ್ಪತ್ತು ವರ್ಷದಲ್ಲಿ ಮನೆ ಹೊಸಿಲು ರೋಡಿಗಿಂತ ಕೆಳಗೆ ಬಂದಿರುತ್ತೆ, ಆಮೇಲೆ ಮನೆನೇ ಜಾಕಿ ಹಾಕಿ ಎತ್ತಿಸ್ತಾರೆ, ಲಕ್ಷಾಂತರ ಖರ್ಚು. ಟಾರ್ ಹಾಕೋಕೆ ಬಂದ ದಿನ ಎಲ್ಲರೂ ಹೊರಗೆ ನಿಂತು ಮೊದ್ಲು ಮಿಲ್ಲಿಂಗ್ ಮಾಡಿ, ಅಂದ್ರೆ ಹಳೇ ಟಾರ್ ಕೆರೆದು ತೆಗೆದು, ಆಮೇಲೆ ಹಾಕಿ ಅಂತ ಕೇಳಿ, ಆ ಒಂದು ದಿನ ಬಿಟ್ರೆ ಮತ್ತೆ ಚಾನ್ಸ್ ಸಿಗಲ್ಲ. ಡ್ರೈನಿಗೆ ಸ್ಲೋಪ್ ಇದೆಯಾ ಅಂತ ಅನುಮಾನ ಇದ್ರೆ ಮೇಸ್ತ್ರಿ ಹತ್ರ ಇರೋ ಲೆವೆಲ್ ಟ್ಯೂಬಲ್ಲಿ ಎರಡೂ ತುದಿ ಅಳೀರಿ, ಕೆಲವು ಹೊಸಾ ಡ್ರೈನುಗಳು ಉಲ್ಟಾ ಸ್ಲೋಪಲ್ಲಿರುತ್ತೆ ಅಂದ್ರೆ ನೀವು ನಂಬಲ್ಲ.

ಹೂಳು ತೆಗೆಯೋಕೆ ಬಂದವರು ಅದನ್ನ ಡ್ರೈನ್ ಪಕ್ಕನೇ ಗುಡ್ಡೆ ಹಾಕಿ ಒಣಗ್ಲಿ ಅಂತ ಹೋಗ್ತಾರೆ, ಮುಂದಿನ ಮಳೆಗೆ ಅದು ವಾಪಸ್ ಒಳಗೆ. ಲಾರಿ ಬರೋ ತನಕ ಬೆನ್ನು ಬಿಡ್ಬೇಡಿ. ಡ್ರೈನ್ ಒಳಗೆ ಅಡ್ಡಡ್ಡ ಹಾದು ಹೋಗಿರೋ ಕೇಬಲ್, ನೀರಿನ ಪೈಪ್ ಫೋಟೋ ತೆಗೀರಿ, ಕಸ ಸಿಕ್ಕಾಕ್ಕೊಳ್ಳೋದೇ ಅಲ್ಲಿ. ಪಾಲಿಕೆ ಹೆಲ್ಪ್‌ಲೈನ್ 1533, ಒಳಚರಂಡಿಗೆ ಜಲಮಂಡಳಿ 1916, ಕರೆಂಟಿಗೆ ಬೆಸ್ಕಾಂ 1912, ಕಂಪ್ಲೇಂಟ್ ನಂಬರ್ ಬರ್ಕೊಂಡು ಗ್ರೂಪಲ್ಲಿ ಹಾಕಿ.

ಕೆಳಗಿನ ಏರಿಯಾದವರಿಗೆ, ಮುಖ್ಯವಾಗಿ ಬೇಸ್‌ಮೆಂಟ್ ಪಾರ್ಕಿಂಗ್ ಇರೋ ಅಪಾರ್ಟ್‌ಮೆಂಟ್‌ನವರಿಗೆ: ರ‍್ಯಾಂಪ್ ಶುರುವಾಗೋ ಜಾಗದಲ್ಲಿ ರೋಡಿಗಿಂತ ಒಂದಡಿ ಎತ್ತರದ ಉಬ್ಬು ಕಟ್ಟಿಸಿ, ಅದರ ಎರಡೂ ಬದಿ ಗೋಡೆಗೆ ಚಾನೆಲ್ ಕೂರಿಸಿದ್ರೆ ಮಳೆ ಬರೋ ದಿನ ಅಲ್ಯುಮಿನಿಯಂ ಹಲಗೆ ಜಾರಿಸಿ ಗೇಟ್ ಥರ ಮುಚ್ಚಬಹುದು. ಎಲೆಕ್ಟ್ರಿಕ್ ಪ್ಯಾನೆಲ್, ಜನರೇಟರ್ ಎರಡೂ ಬೇಸ್‌ಮೆಂಟಲ್ಲಿದ್ರೆ ಅದನ್ನ ಮೇಲೆ ಎತ್ತಿಸೋದೇ ಮೊದಲ ಖರ್ಚು, ಯಾಕಂದ್ರೆ ನೀರು ಬಂದ ಕೂಡ್ಲೇ ಕರೆಂಟ್ ತೆಗೀಬೇಕು, ಕರೆಂಟ್ ಇಲ್ಲ ಅಂದ್ರೆ ಪಂಪ್ ಓಡಲ್ಲ, ಲಿಫ್ಟ್ ಇಲ್ಲ, ಮೇಲಿನ ಟ್ಯಾಂಕಿಗೆ ಕುಡಿಯೋ ನೀರೂ ಇಲ್ಲ. ಒಂದು ಡೀಸೆಲ್ ಪಂಪ್ ಅಸೋಸಿಯೇಷನ್ ಹೆಸರಲ್ಲಿ ಇಟ್ಕೊಳ್ಳಿ, ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿ ನೋಡ್ತಿರಿ. ಒಳಚರಂಡಿ ಲೈನಿಗೆ ನಾನ್ ರಿಟರ್ನ್ ವಾಲ್ವ್ ಹಾಕ್ಸಿ, ಕೊಳಚೆ ವಾಪಸ್ ಬರಲ್ಲ. ನೀರು ನುಗ್ತಿರೋವಾಗ ಕಾರ್ ತೆಗೆಯೋಕೆ ಅಂತ ಯಾರೂ ಕೆಳಗೆ ಇಳೀಬಾರದು, ಅಂಡರ್‌ಪಾಸ್ ಒಳಗೂ ಹೋಗ್ಬಾರದು, 2023ರ ಮೇನಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಲ್ಲಿ ಕಾರೊಳಗೇ ಸಿಕ್ಕಾಕ್ಕೊಂಡು ಒಬ್ಬ ಹುಡುಗಿ ಜೀವ ಹೋಯ್ತು.

ಹತ್ತಿರ ಕೆರೆ ಇದ್ರೆ ಕೆರೆ ಸಮಿತಿಯವರ ಜೊತೆ ಒಂದು ವಿಷಯ ಮಾತಾಡಿ. ಹಳೇ ಕಾಲದಲ್ಲಿ ಕೆರೆ ನೀರು ನೋಡ್ಕೊಳ್ಳೋ ನೀರುಗಂಟಿ ತೂಬು, ಅಂದ್ರೆ ಕೆರೆಯಿಂದ ನೀರು ಬಿಡೋ ಬಾಗಿಲು, ಎತ್ತಿ ಗದ್ದೆಗೆ ನೀರು ಬಿಡ್ತಿದ್ದ, ಬೇಸಿಗೆ ಹೊತ್ತಿಗೆ ಕೆರೆ ತಗ್ಗಿರ್ತಿತ್ತು, ಮಳೆನೀರು ಬಂದ್ರೆ ಹಿಡಿಯೋಕೆ ಜಾಗ ಇರ್ತಿತ್ತು. ಈಗ ಗದ್ದೆ ಇಲ್ಲ, ವರ್ಷಪೂರ್ತಿ ಕೊಳಚೆನೋ ಸಂಸ್ಕರಿಸಿದ ನೀರೋ ಬಂದು ಕೆರೆ ಏಪ್ರಿಲಲ್ಲೂ ತುಂಬೇ ಇರುತ್ತೆ, ವಾಕಿಂಗ್ ಬರೋರಿಗೂ ತುಂಬಿದ ಕೆರೆನೇ ಇಷ್ಟ, ಹಂಗಾಗಿ ಮೊದಲ ದೊಡ್ಡ ಮಳೆಗೇ ಕೆರೆ ತುಂಬಿ ಕೋಡಿ ಬೀಳುತ್ತೆ, ಕೋಡಿ ಕೆಳಗೆ ಯಾರದ್ದೋ ಮನೆ. ತೂಬಿಗೆ ಗೇಟ್ ಹಾಕ್ಸಿ ಮೇ ಹೊತ್ತಿಗೆ ಎರಡು ಮೂರು ಅಡಿ ಇಳಿಸಿ ಅಂತ ಬರವಣಿಗೆಲಿ ಕೇಳಿ. ಹತ್ತು ಎಕರೆ ಕೆರೆಲಿ ಒಂದು ಮೀಟರ್ ಇಳಿಸಿದ್ರೆ ನಾಲ್ಕು ಕೋಟಿ ಲೀಟರ್ ಜಾಗ ಆಗುತ್ತೆ, ಮನೆಮನೆ ಬಾವಿಯಲ್ಲಿ ಅಷ್ಟು ಹಿಡೀಬೇಕು ಅಂದ್ರೆ ಹತ್ತು ಸಾವಿರ ಬಾವಿ ಬೇಕು.

ಇಷ್ಟೆಲ್ಲಾ ಮಾಡಿನೂ ನೀರು ನುಗ್ಗಿದ್ರೆ ಬೇಸ್‌ಮೆಂಟ್ ನೀರನ್ನ ಒಂದೇ ಏಟಿಗೆ ಖಾಲಿ ಮಾಡ್ಬೇಡಿ, ಹೊರಗಿನ ಮಣ್ಣು ನೀರು ಕುಡಿದು ಗೋಡೆನ ಒತ್ತುತಿರುತ್ತೆ, ಒಳಗಿನ ನೀರು ಹಠಾತ್ ಹೋದ್ರೆ ಗೋಡೆ ಬಿರುಕು ಬಿಡಬಹುದು, ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಸಿ. ಪೈಪ್ ತುದಿ ರಾಜಕಾಲುವೆ ತನಕ ಎಳೀರಿ, ಪಕ್ಕದ ಅಪಾರ್ಟ್‌ಮೆಂಟ್ ಗೇಟಿಗಲ್ಲ. ಸಂಪಿಗೆ ಕೊಳಚೆ ಸೇರಿದ್ರೆ ಪೂರ್ತಿ ಖಾಲಿ ಮಾಡಿ ಬ್ಲೀಚಿಂಗ್ ಹಾಕಿ ಉಜ್ಜಿಸಿ, ರಿಚಾರ್ಜ್ ಬಾವಿಗೆ ಸೇರಿದ್ರೆ ಅದನ್ನೂ ಪಂಪ್ ಮಾಡಿ ತೆಗೀರಿ, ಬೋರ್‌ವೆಲ್ ನೀರನ್ನ ಲ್ಯಾಬಲ್ಲಿ ಟೆಸ್ಟ್ ಮಾಡ್ಸೋ ತನಕ ಅಡುಗೆಗೂ ಬಳಸ್ಬೇಡಿ.