ಮೇಯರ್ ಚೇಂಬರ್ ಬಿಟ್ಟು ಜೆಇ (ಜೂನಿಯರ್ ಎಂಜಿನಿಯರ್) ಟೇಬಲ್ ಹಿಡಿದ ಕಥೆ: ನನ್ನ ಅನುಭವ

ಅಂತೂ ನಮ್ಮ ಕ್ರಾಸಿನ ಚರಂಡಿಗೆ ಸ್ಲ್ಯಾಬ್ ಬಿತ್ತು. "ಮೇಯರ್ ಬಾಯಲ್ಲಿ ಹೇಳಿಸ್ದೆ ಶಿವಮೊಗ್ಗದಲ್ಲಿ ಒಂದ್ ಕಲ್ಲೂ ಅಲ್ಲಾಡಲ್ಲ ಮಾರಾಯಾ" ಅಂತ ನಗಾಡಿದ್ದ ಬೇರೆ ಲೇಔಟ್ ಸಂಘದವ್ರೇ ಈಗ ಅರ್ಜಿ ಫಾರ್ಮ್ಯಾಟ್ ಕೇಳ್ತಿದಾರೆ.

ನಾನೂ ಮೊದ್ಲು ಶಾಲು ಹಾರ ಹಿಡ್ಕೊಂಡು ಮೇಯರ್ ಚೇಂಬರಿಗೆ ಹೋಗ್ತಿದ್ದವ್ನೇ. ಒಂದ್ಸಲಕ್ಕೆ ಏಳೆಂಟ್ನೂರು ರೂಪಾಯಿ ಕೈಯಿಂದ ಹೋಗೋದು, ಫ್ಲೆಕ್ಸ್ ಖರ್ಚು ಬೇರೆ. ಚೆನ್ನಾಗೇ ಮಾತಾಡ್ಸೋರು, ಆದ್ರೆ ಮೇಯರ್ ಅವಧಿನೇ ಒಂದು ವರ್ಷ, ನಮ್ಮ ಲೇಔಟ್ ಹೆಸ್ರು ಬಾಯಿಗೆ ಬರೋ ಹೊತ್ಗೆ ಮೀಸಲಾತಿ ಬದ್ಲಾಗಿ ಹೊಸಬ್ರು ಬಂದಿರೋರು, ಮತ್ತೆ ಶಾಲು ತಗೋ.

ಪಾಲಿಕೆ ನಡೆಯೋದು 1976ರ ಪಾಲಿಕೆ ಕಾಯ್ದೆ ಪ್ರಕಾರ. ಮೇಯರ್ ಸಭೆ ನಡೆಸ್ತಾರೆ, 35 ವಾರ್ಡಿನ ಸದಸ್ಯರು ಕೂತು ತೀರ್ಮಾನ ಮಾಡ್ತಾರೆ, ನಾಲ್ಕು ಸ್ಥಾಯಿ ಸಮಿತಿ ಇರುತ್ತೆ, ಜಾರಿ ಮಾಡೋದು ಮಾತ್ರ ಸರ್ಕಾರ ಕಳ್ಸಿದ ಕಮಿಷನರು. ಆದ್ರೆ ಫೈಲ್ ಹುಟ್ಟೋದೆಲ್ಲಿ ಹೇಳಿ? ಜೆಇ ಟೇಬಲ್ ಮೇಲೆ. ಜೆಇ ಬಂದು ಟೇಪ್ ಹಿಡಿದು ಎಸ್ಟಿಮೇಟ್ (ಖರ್ಚಿನ ಅಂದಾಜು) ಬರೀದೆ ಅವ್ರ ಮೇಲಿನ ಎಂಜಿನಿಯರ್‌ಗಳು ಎಇಇ, ಇಇ ಯಾರೂ ಸಹಿ ಹಾಕಲ್ಲ, ಕಮಿಷನರ್ ಟೇಬಲಿಗಂತೂ ಹೋಗೋದೇ ಇಲ್ಲ.

ಹಂಗಾಗಿ ಅರ್ಜಿನ ಪಾಲಿಕೆ ಟಪಾಲು ಕೌಂಟರಲ್ಲೇ ಕೊಟ್ಟು, ನನ್ನ ಜೆರಾಕ್ಸ್ ಕಾಪಿ ಮೇಲೆ ನೇರಳೆ ಸೀಲು, ಇನ್‌ವರ್ಡ್ ನಂಬರ್ (ಅರ್ಜಿ ದಾಖಲಾದ ನಂಬರ್) ಬೀಳೋ ತನಕ ಕೌಂಟರ್ ಬಿಟ್ಟು ಕದಲ್ತಿರ್ಲಿಲ್ಲ. ಆ ನಂಬರ್ ಹಿಡ್ಕೊಂಡೇ ಫೈಲ್ ಯಾವ ಟೇಬಲಲ್ಲಿದೆ ಅಂತ ಕೇಳೋದು, "ನಮ್ ಚರಂಡಿ ಏನಾಯ್ತು ಸಾರ್" ಅಂದ್ರೆ ಯಾರಿಗೂ ಉತ್ರ ಕೊಡಕ್ಕಾಗಲ್ಲ.

ಮಧ್ಯೆ ಒಂದು ಪ್ರಯೋಗ ಮಾಡ್ದೆ. ಚರಂಡಿ, ಬೀದಿದೀಪ, ನೀರು, ತುಂಗಾ ಚಾನಲ್ ಕಸ ಎಲ್ಲ ಸೇರ್ಸಿ ಒಂದೇ ಅರ್ಜಿ, ಆಮೇಲೆ ಅದನ್ನೇ ಬಿಡಿಬಿಡಿಯಾಗಿ. ಒಟ್ಟಿಗೆ ಕೊಟ್ಟಿದ್ದು ಯಾವ ಸೆಕ್ಷನ್ನಿಗೂ ಪೂರ್ತಿ ಸೇರಲ್ಲ, ನೀರು ಜಲಮಂಡಳಿದು, ಚಾನಲ್ ನೀರಾವರಿಯವ್ರದ್ದು. ಬಿಡಿ ಅರ್ಜಿ ಕೊಟ್ಟಾಗ ದೀಪ ವಾರದೊಳಗೇ ಹತ್ತಿತು, ಚರಂಡಿ ಒಂದು ಮಳೆಗಾಲ ತಿಂತು.

2023ರ ಕೊನೆಗೆ ಆ ಸದಸ್ಯರ ಕೌನ್ಸಿಲ್ ಅವಧಿ ಮುಗಿದು ಮೇಯರ್ ಕುರ್ಚಿ ಖಾಲಿ ಆಯ್ತು, ಆಡಳಿತಾಧಿಕಾರಿ ಬಂದ್ರು. ಇನ್ನು ಎಲ್ಲ ಮುಗೀತು ಅಂದ್ರು ನಮ್ಮೋರು. ಮೇಲಿನ ಕುರ್ಚಿ ಬದ್ಲಾದ್ರೇನು, ಕೆಳಗಿನ ಟೇಬಲ್‌ಗಳು ಹಂಗೇ ಇರ್ತಾವಲ್ಲ, ನನ್ನ ಫೈಲ್ ನಡೀತಾನೇ ಇತ್ತು.

ಒಟ್ಟು ಖರ್ಚು ಪೆಟ್ರೋಲ್, ಜೆರಾಕ್ಸ್, ಮಾಹಿತಿ ಹಕ್ಕು ಅರ್ಜಿಯ ಹತ್ತು ರೂಪಾಯಿ ಎಲ್ಲ ಸೇರಿ ಎರಡು ಸಾವಿರದ ಆಚೀಚೆ, ಶಾಲಿಗೇ ಅದ್ರ ಮೂರ್ಪಟ್ಟು ಸುರ್ದಿದ್ದೆ. ಎಸ್ಟಿಮೇಟ್ ಮಾತ್ರ ಮಳೆ ಹಿಡಿಯೋಕ್ ಮುಂಚೆ ಮಾಡಿಸ್ಕೊಳ್ಳಿ. ಫಾರ್ಮ್ಯಾಟ್ ಬೇಕಾದ್ರೆ ಕೊಡ್ತೀನಿ, "ವಿಷಯ" ಸಾಲಲ್ಲಿ ನಾನು ಏನ್ ಬರೀತೀನಿ ಅನ್ನೋದೊಂದು ಬಿಟ್ಟು.