ಆಧುನಿಕೋತ್ತರ ಕಾದಂಬರಿಯಲ್ಲಿ ಅಧಿಕಾರ: ನಾನು ಓದುವ ಕ್ರಮ

ಅಧಿಕಾರದ ಬಗ್ಗೆ ಬರೆದ ಫ್ರೆಂಚ್ ಚಿಂತಕ ಫೂಕೋನನ್ನು ಪಕ್ಕಕ್ಕಿಟ್ಟೇ ನಾನು ಕಾದಂಬರಿ ಓದಲು ಶುರುಮಾಡುವುದು. ಸಿದ್ಧಾಂತ ಮೊದಲೇ ತಲೆಯಲ್ಲಿ ಕೂತರೆ ಪುಟಪುಟದಲ್ಲೂ ಅದೇ ಕಾಣುತ್ತದೆ. ಮೊದಲ ಓದು ಬರೀ ಓದು. ಎರಡನೆಯ ಸಲ ಪೆನ್ಸಿಲ್ ಹಿಡಿದು ಅಂಚಿನಲ್ಲಿ ಮೂರೇ ಸಂಗತಿ ಗುರುತು ಹಾಕುತ್ತೇನೆ: ಮಾತು ಯಾರದು, ನೋಟ ಯಾರದು, ಇನ್ನೊಬ್ಬರ ಪರವಾಗಿ ಬರೆಯುವವರು ಯಾರು. ಹೆಚ್ಚು ಫಲ ಕೊಡುವುದು ಮೂರನೆಯದು.

ದಕ್ಷಿಣ ಆಫ್ರಿಕಾದ ಲೇಖಕ ಕುಟ್ಸೀಯ ‘ಫೋ’ (1986) ಇದಕ್ಕೆ ಒಳ್ಳೆಯ ಪಾಠ. ‘ರಾಬಿನ್ಸನ್ ಕ್ರೂಸೋ’ ಕಥೆಯನ್ನು ಬೇರೆಯಾಗಿ ಹೇಳುವ ಕಾದಂಬರಿ ಇದು: ಕ್ರೂಸೋ ಮತ್ತು ಅವನ ಆಳು ಫ್ರೈಡೇ ಇರುವ ದ್ವೀಪಕ್ಕೆ ಸೂಸನ್ ಬಾರ್ಟನ್ ಬಂದು ಸೇರುತ್ತಾಳೆ, ಆಮೇಲೆ ಆ ಕಥೆ ಬರೆಸಲು ಲೇಖಕ ಫೋ ಬಳಿ ಹೋಗುತ್ತಾಳೆ. ನಾಲ್ಕು ಭಾಗಗಳಲ್ಲಿ ಮೊದಲೆರಡು ಸೂಸನ್ ಬಾರ್ಟನ್ ಬರೆದವು, ಉದ್ಧರಣ ಚಿಹ್ನೆಯೊಳಗಿವೆ. ಮೂರನೆಯದರಲ್ಲಿ ಆ ಚಿಹ್ನೆ ಕಳಚುತ್ತದೆ. ಕೊನೆಯದರಲ್ಲಿ ನಿರೂಪಕನಿಗೆ ಹೆಸರೇ ಇಲ್ಲ. ಫ್ರೈಡೇ ಹೆಸರಿನ ಎದುರು ಮಾತಿನ ಗುರುತು ಒಂದೂ ಬೀಳುವುದಿಲ್ಲ. ಗುಲಾಮರ ವ್ಯಾಪಾರಿಗಳು ಅವನ ನಾಲಿಗೆ ಕತ್ತರಿಸಿದರು ಎನ್ನುವುದೂ ಕ್ರೂಸೋ ಹೇಳಿದ ಮಾತು, ಬೇರೆ ಸಾಕ್ಷಿಯಿಲ್ಲ.

ಫೂಕೋ ಬರುವುದು ಮೂರನೆಯ ಓದಿಗೆ. 1984ರ ಸಂದರ್ಶನವೊಂದರಲ್ಲಿ ಆತ ಅಧಿಕಾರ ಸಂಬಂಧವನ್ನೂ ಯಜಮಾನಿಕೆಯನ್ನೂ ಬೇರೆ ಮಾಡುತ್ತಾನೆ: ಮೊದಲನೆಯದು ತಿರುಗಬಲ್ಲದು, ಅಂದರೆ ಮೇಲುಗೈ ಬದಲಾಗಬಹುದು, ಎರಡನೆಯದು ಹೆಪ್ಪುಗಟ್ಟಿದ್ದು. ಹಾಗಾಗಿ ಪ್ರತಿ ಜೋಡಿಗೂ ನಾನು ಕೇಳುವುದು, ಇದು ತಿರುಗೀತೇ? ಸೂಸನ್ ಮತ್ತು ಫೋ ನಡುವೆ ತಿರುಗುತ್ತದೆ. ಕಳೆದುಹೋದ ಮಗಳ ಕಥೆ ಅವನಿಗೆ ಬೇಕು, ದ್ವೀಪದ ಕಥೆ ಅವಳಿಗೆ, ಇಬ್ಬರೂ ಜಗ್ಗಾಡುತ್ತಾರೆ. ಅದೇ ಸೂಸನ್ ಫ್ರೈಡೇಯ ಬಿಡುಗಡೆ ಪತ್ರವನ್ನು ಕ್ರೂಸೋ ಹೆಸರಿನಲ್ಲಿ ತಾನೇ ಬರೆದು ಅವನ ಕೊರಳಿಗೆ ಕಟ್ಟುತ್ತಾಳೆ. ಫೋ ಎದುರು ತನ್ನ ಕಥೆಗಾಗಿ ಹೋರಾಡುವವಳೇ ಇಲ್ಲಿ ಯಜಮಾನಿ. ಇಷ್ಟು ಹೇಳಿ ಫ್ರೈಡೇಯನ್ನು ಬರೀ ಬಲಿಪಶು ಮಾಡಿ ಮುಗಿಸುವಂತಿಲ್ಲ: ಸ್ಲೇಟಿನ ಮೇಲೆ ಕಾಲುಳ್ಳ ಕಣ್ಣುಗಳನ್ನು ಬರೆಯುತ್ತಾನೆ, ಅವಳು ಕೇಳಿದೊಡನೆ ಎಂಜಲು ಹಚ್ಚಿ ಒರೆಸಿಬಿಡುತ್ತಾನೆ. ಇದನ್ನು ‘ಪ್ರತಿರೋಧ’ ಎಂದು ಕರೆಯಲು ನಾನು ಅವಸರ ಮಾಡುವುದಿಲ್ಲ. ಅರ್ಥ ಕೊಡಲು ಒಪ್ಪದವನಿಗೆ ನಾವೇ ಅರ್ಥ ಹೊರಿಸಿದರೆ ಸೂಸನ್ ಮಾಡಿದ್ದನ್ನೇ ಮಾಡಿದಂತಾಯಿತು.

ಕೈಕೊಡುವ ಜಾಗಗಳು ಎರಡು. ಕ್ಯಾಮರಾ ಕಂಡಲ್ಲೆಲ್ಲ ಇಂಗ್ಲಿಷ್ ಚಿಂತಕ ಬೆಂಥಮ್‌ನ ಕಾವಲು ಗೋಪುರ (ಸುತ್ತಲಿನ ಕೋಣೆಗಳ ಕೈದಿಗಳನ್ನೆಲ್ಲ ನಡುವಿನಿಂದ ನೋಡಬಲ್ಲ ಜೈಲಿನ ವಿನ್ಯಾಸ, ಫೂಕೋ ಚರ್ಚಿಸಿದ್ದು) ಎನ್ನುವುದು ಒಂದು. ಆ ಗೋಪುರ ಕೆಲಸ ಮಾಡುವುದು, ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ಎಂದು ಕೈದಿಗೆ ತಿಳಿಯದ ಕಾರಣ, ಅದೂ ಅವನು ಒಂದು ಕೋಣೆಯಲ್ಲಿ ಕೂತಿರುವಾಗ. ಪಾತ್ರಗಳು ಎಲ್ಲೆಂದರಲ್ಲಿ ಓಡಾಡುತ್ತಿದ್ದು, ಒಳಗೆ ಬಿಡುವ ಅಥವಾ ತಡೆಯುವ ಸಂಕೇತಪದಗಳೇ ಅವರನ್ನು ಆಳುತ್ತಿದ್ದರೆ ಫ್ರೆಂಚ್ ಚಿಂತಕ ಡೆಲ್ಯೂಜ್‌ನ ‘ನಿಯಂತ್ರಣ ಸಮಾಜ’ಗಳ ಕುರಿತ 1990ರ ಪುಟ್ಟ ಲೇಖನವೇ ಹೆಚ್ಚು ಹೊಂದುತ್ತದೆ. ಇನ್ನೊಂದು, ಪಾತ್ರದ ಸಂಶಯವನ್ನು ಲೇಖಕನ ವಾದವೆಂದು ಓದುವುದು. ಅಮೆರಿಕದ ಲೇಖಕ ಪಿಂಚನ್‌ನ ‘ಗ್ರಾವಿಟೀಸ್ ರೇನ್‌ಬೋ’ (1973) ಕಾದಂಬರಿಯಲ್ಲಿ ಪಾತ್ರಗಳು ಸಂಶಯಪಡುವ, ತೆರೆಮರೆಯಲ್ಲಿ ಆಳುವ ‘ಅವರು’ ಯಾರೆಂಬುದು ಪೂರ್ತಿ ಬಯಲಾಗುವುದಿಲ್ಲ, ಕಥಾನಾಯಕ ಸ್ಲಾತ್ರಪ್ ಆ ‘ಅವರ’ನ್ನು ಗೆಲ್ಲುವುದೂ ಇಲ್ಲ. ನಾಲ್ಕನೆಯ ಭಾಗದಲ್ಲಿ ಅವನೇ ಚದುರಿಹೋಗುತ್ತಾನೆ. ಅಲ್ಲಿ ನಾನು ಪಿತೂರಿಯ ನಕ್ಷೆ ಬಿಡಿಸುವುದನ್ನು ಬಿಟ್ಟು, ‘ಅವರು’ ಎಂಬ ಪದ ಯಾರ ಬಾಯಲ್ಲಿ, ಯಾವ ದೃಶ್ಯದಲ್ಲಿ ಬರುತ್ತದೆ ಎಂದಷ್ಟೇ ಪಟ್ಟಿ ಮಾಡುತ್ತೇನೆ.