ಇಳಿಜಾರು ಜಾರುವಂಥದ್ದೇ? ಅಳೆದು ನೋಡಿ, ಮುಟ್ಟಿ ನೋಡಿ

ಕಡಿದಾದ ಗುಡ್ಡ ಕುಸಿಯುತ್ತದೆ, ಇಳುಕಲು ಕಡಿಮೆಯಿದ್ದರೆ ಭಯವಿಲ್ಲ ಎನ್ನುವ ಲೆಕ್ಕ ಅರ್ಧ ಮಾತ್ರ ಸರಿ. ಮಣ್ಣು ಯಾವುದು, ನೀರು ಅದರೊಳಗೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು.

ಮೊದಲು ಇಳಿಜಾರು. ಒಂದು ಮೀಟರ್ ಉದ್ದದ ನೇರ ಪಟ್ಟಿಯ ಒಂದು ತುದಿಯನ್ನು ನೆಲಕ್ಕೆ ತಾಗಿಸಿ, ಇನ್ನೊಂದನ್ನು ಕೆಳದಿಕ್ಕಿಗೆ ಚಾಚಿ, ರಸಮಟ್ಟ ಇಟ್ಟು ಮಟ್ಟ ಮಾಡಿ. ಚಾಚಿದ ತುದಿಯಿಂದ ನೇರ ಕೆಳಗೆ ನೆಲಕ್ಕೆ 27 ಸೆಂ.ಮೀ. ಇದ್ದರೆ ಸುಮಾರು 15 ಡಿಗ್ರಿ, 36 ಇದ್ದರೆ 20, 58 ಇದ್ದರೆ 30, 100 ಇದ್ದರೆ 45. ಹಲವು ಕಡೆ ಅಳೆಯಿರಿ. ಸರಾಸರಿ ತೆಗೆಯಬೇಡಿ, ಅತಿ ಕಡಿದಾದ ತುಂಡೇ ಮುಖ್ಯ, ಅದರಲ್ಲೂ ಯಾರಾದರೂ ಬುಡ ಕಡಿದಿದ್ದರೆ.

ಮಣ್ಣನ್ನು ಮೇಲಿನ ಪದರ ಬಿಟ್ಟು ಅರ್ಧ ಮೀಟರ್ ಆಳದಿಂದ ತೆಗೆಯಿರಿ (ಬುಡದಲ್ಲಿ ಗುಂಡಿ ತೋಡಬೇಡಿ). ನೇರ ಗೋಡೆಯ ಗಾಜಿನ ಜಾಡಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ಮರಳು ಕೂರುತ್ತದೆ, ಸುಮಾರು ಎರಡು ಗಂಟೆಯಲ್ಲಿ ಹೂಳು. ಜೇಡಿಗೆ ಒಂದೆರಡು ದಿನ ಬೇಕು. ಅಷ್ಟು ಕಾಯಲಾಗದಿದ್ದರೆ ಒದ್ದೆ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ರಿಬ್ಬನ್ ಎಳೆಯಿರಿ: 5 ಸೆಂ.ಮೀ. ದಾಟಿಯೂ ತುಂಡಾಗದಿದ್ದರೆ ಜೇಡಿ ಹೆಚ್ಚು.

ಒಣ ಮರಳು 30ರಿಂದ 35 ಡಿಗ್ರಿವರೆಗೆ ನಿಲ್ಲುತ್ತದೆ. ಅದರೊಳಗೆ ನೀರು ತುಂಬಿ ಇಳಿಜಾರಿನುದ್ದಕ್ಕೆ ಹರಿಯತೊಡಗಿದರೆ ತಾಳುವ ಕೋನ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾಗಿ ಕಂಡ 25 ಡಿಗ್ರಿ ಮಳೆಗಾಲದಲ್ಲಿ ಕೈಕೊಡುವುದು ಹೀಗೆ. ಮರಳಿಗೆ ಬಿರುಸು ಮಳೆ ಅಪಾಯ, ಕುಸಿತವೂ ದಿಢೀರ್. ಜೇಡಿಗೆ ದಿನಗಟ್ಟಲೆ ಬಿಡದ ಮಳೆ ಅಪಾಯ. ಅದು ನಿಧಾನವಾಗಿ, ಆಳದಿಂದ, ಕೆಲವೊಮ್ಮೆ 10–15 ಡಿಗ್ರಿಯಲ್ಲೂ ಜಾರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮೇಲೆ ಸಡಿಲ ಮರಳುಮಣ್ಣು, ಕೆಳಗೆ ಜೇಡಿ ಅಥವಾ ಬಂಡೆ: ಇಳಿದ ನೀರು ಅಲ್ಲೇ ತಡೆದು ನಿಂತು ಮೇಲಿನ ಪದರವನ್ನು ಜಾರಿಸುತ್ತದೆ. 45 ಡಿಗ್ರಿ ಮೀರಿದ ಕಡೆ ಸಾಮಾನ್ಯವಾಗಿ ಮಣ್ಣೇ ತೆಳು. ಅಲ್ಲಿ ಬಂಡೆ ಉರುಳುವ ಭಯ.

ಚಾವಣಿಯ ನೀರು, ಬಚ್ಚಲ ನೀರು ಇಳಿಜಾರಿಗೆ ಬೀಳದಂತೆ ಪೈಪಿನಲ್ಲಿ ಕೆಳತನಕ ಒಯ್ಯಿರಿ. ಅಗೆದ ಮಣ್ಣನ್ನು ಮೇಲಂಚಿಗೆ ಸುರಿಯಬೇಡಿ, ಅದು ಬರೀ ಭಾರ. ಬಿರುಕು ಕಂಡರೆ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರ ದಿನವೂ ಬರೆದಿಡಿ, ಬಿರುಕಿಗೆ ಜೇಡಿ ತುಂಬಿ ಟಾರ್ಪಾಲು ಹೊದಿಸಿ. ಮಳೆಯಲ್ಲಿ ಅಂತರ ಹೆಚ್ಚುತ್ತಿದ್ದರೆ, ಅಥವಾ ಬುಡದಲ್ಲಿ ಒಸರುವ ತಿಳಿನೀರು ಕೆಂಪಗೆ ಕದಡಿದರೆ, ಅಳೆಯುತ್ತ ನಿಲ್ಲದೆ ಮನೆಮಂದಿಯೆಲ್ಲ ಇಳಿಜಾರಿನ ದಾರಿಯಿಂದ ಪಕ್ಕಕ್ಕೆ ಹೊರಡಿ.